ನೋಡದೆ ಕೊಟ್ಟ ಪ್ರಶಸ್ತಿ ನಮಗೆ ಬೇಡ

ಮೊಬೈಲಲ್ಲೇ ತೆಗೆದ ನಮ್ಮ 12 ನಿಮಿಷದ ಕೆರೆ ಸಿನಿಮಾವನ್ನು ಒಂದು ‘ಅಂತಾರಾಷ್ಟ್ರೀಯ ಸ್ವತಂತ್ರ ಚಿತ್ರೋತ್ಸವ’ಕ್ಕೆ ಕಳಿಸಿದೆವು. ಶುಲ್ಕ ಡಾಲರಿನಲ್ಲಿ; ನಮ್ಮಲ್ಲೊಬ್ಬನ ಮೂರು ದಿನದ ಕೂಲಿ. ನಾಲ್ಕನೇ ದಿನವೇ ‘ಅತ್ಯುತ್ತಮ ಚಿತ್ರ’ ಅಂತ ಮೇಲ್ ಬಂತು. ಊರೆಲ್ಲ ಸ್ಟೇಟಸ್ ಹಾಕಿತು. ಆಮೇಲೆ ನೋಡಿದರೆ, ಪಾಸ್‌ವರ್ಡ್ ಹಾಕಿ ಕಳಿಸಿದ್ದ ಲಿಂಕಿನಲ್ಲಿ ವೀಕ್ಷಣೆ ಸೊನ್ನೆ! ಟ್ರೋಫಿ ಬೇಕಾದರೆ ಮತ್ತೆ ದುಡ್ಡು ಕಟ್ಟಬೇಕಂತೆ.

ಪರದೆ ಇಲ್ಲ, ಪ್ರೇಕ್ಷಕರಿಲ್ಲ, ತಿಂಗಳಿಗೊಮ್ಮೆ ಪ್ರಶಸ್ತಿ. ಇಂಥದ್ದನ್ನು ನಾವು ಅಂಗಡಿ ಅಂತಲೇ ಕರೆಯುತ್ತೇವೆ. ನಿಜವಾದ ಉತ್ಸವಗಳೂ ಇವೆ: ಮಂಡ್ಯ ಕಡೆಯ ಹಳ್ಳಿಗರೇ ನಟಿಸಿದ ‘ತಿಥಿ’ 2015ರಲ್ಲಿ ಲೊಕಾರ್ನೊದಲ್ಲಿ ಗೋಲ್ಡನ್ ಲೆಪರ್ಡ್ ಗೆದ್ದಿತ್ತು.

ಕಳಿಸುವ ಮುಂಚೆ ಕೇಳಿ: ಯಾವ ಥಿಯೇಟರು, ಯಾವ ತಾರೀಖು, ಹೋದ ವರ್ಷ ಏನು ತೋರಿಸಿದಿರಿ? ಉತ್ತರ ಬರದಿದ್ದರೆ ಆ ದುಡ್ಡಿಗೆ ಪ್ರೊಜೆಕ್ಟರು ಬಾಡಿಗೆಗೆ ತಂದು, ಬಿಳಿ ಪಂಚೆ ಕಟ್ಟಿ, ಗುಡಿ ಮುಂದೆ ತೋರಿಸಿ. ಬರುವ ಶನಿವಾರ ನಾವು ಅದನ್ನೇ ಮಾಡುತ್ತಿದ್ದೇವೆ.