ಮಳೆಗಾಲದ ಮೀನೂ ಹಳ್ಳದ ನೀರೂ

ದೋಣಿ ಕೆಟ್ಟು ಸಮುದ್ರದಲ್ಲಿ ಸಿಕ್ಕಿಬಿದ್ದವರಿಗೆ ದೊರೆತ ಮೀನೆಲ್ಲವೂ ಆಹಾರವಾಗಲಾರದು. ಮುಟ್ಟಿದರೆ ಚೆಂಡಿನಂತೆ ಊದಿಕೊಳ್ಳುವ ಜಾತಿಯ ಮೀನುಗಳಲ್ಲಿ ಅನೇಕವು ವಿಷಯುಕ್ತವಾದುವು. ಆ ವಿಷವು ಎಷ್ಟು ಬೇಯಿಸಿದರೂ ನಾಶವಾಗದು. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳು ಘಟ್ಟದ ಮೇಲಿರುವುದರಿಂದ ಈ ವಿಚಾರವು ತಮಗೆ ಸಂಬಂಧಿಸಿದುದಲ್ಲವೆಂದು ಇಲ್ಲಿನ ಜಮೀನುದಾರರು ಭಾವಿಸಬಹುದು. ಆದರೆ ಆಷಾಢದ ಮಳೆಗೆ ಸಂಕ ಕೊಚ್ಚಿಹೋದ ಹಳ್ಳಿಯೂ ಒಂದು ದ್ವೀಪವೇ ಸರಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಶರಾವತಿಯ ಹಿನ್ನೀರಿನಾಚೆ ಉಳಿದ ತುಮರಿಯ ಕಡೆಯವರು, 2025ರಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ತೆರೆಯುವವರೆಗೂ, ಸಾಗರಕ್ಕೆ ಬರಲು ಲಾಂಚನ್ನೇ ನೆಚ್ಚಿಕೊಂಡಿದ್ದರು.

ಇಂತಹ ದಿನಗಳಲ್ಲಿ ಪೇಟೆಯ ಮೀನನ್ನು ನಂಬುವಂತಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಂತ್ರದೋಣಿಗಳ ಮೀನುಗಾರಿಕೆಗೆ ನಿಷೇಧವುಂಟು. ಘಟ್ಟ ಹತ್ತಿ ಬರುವ ಮೀನು ವಿರಳ; ಬಂದುದು ಹಳೆಯದಾಗಿರುವ ಸಂಭವವೇ ಹೆಚ್ಚು. ಮಂಜುಗಡ್ಡೆಯಿಲ್ಲದೆ ಉಳಿದ ಬಂಗುಡೆಯಲ್ಲಿ ಹಿಸ್ಟಮಿನ್ ಎಂಬ ವಸ್ತುವು ಹೆಚ್ಚುವುದು. ಹುರಿದರೂ ಅದು ಹೋಗದು. ತಿಂದವರಿಗೆ ಮುಖ ಕೆಂಪೇರಿ ತಲೆನೋವೂ ಮೈತುರಿಕೆಯೂ ಬರುವುವು.

ಆದುದರಿಂದ ಮೊದಲ ಮಳೆಗೆ ಹಳ್ಳದಿಂದ ಗದ್ದೆಗೆ ಏರಿಬರುವ ಹತ್ತುಮೀನೇ ಬಡವರ ಮನೆಯ ಆಧಾರ. ಕಣ್ಣು ಹೊಳೆಯುತ್ತಿದ್ದು, ಕಿವಿರು ಕೆಂಪಾಗಿದ್ದು, ಬೆರಳಿನಿಂದ ಒತ್ತಿದ ಗುಳಿ ಕೂಡಲೇ ತುಂಬಿಕೊಂಡರೆ ಮೀನು ತಾಜಾ ಎಂಬುದನ್ನು ಮಲೆನಾಡಿನ ಗೃಹಿಣಿಯರಿಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ತಾಜಾ ಎಂದ ಮಾತ್ರಕ್ಕೆ ನಿರಪಾಯವೆನ್ನಲಾಗದು. ಕೊರವ, ಚೇಳುಮೀನು ಮುಂತಾದುವು ನೀರಿನ ಮೇಲಕ್ಕೆ ಬಂದು ಗಾಳಿಯನ್ನು ಸೇವಿಸಬಲ್ಲುವು. ಇತರ ಮೀನುಗಳು ಉಸಿರುಗಟ್ಟಿ ಸಾಯುವ ಕೆಟ್ಟ ನೀರಿನಲ್ಲಿಯೂ ಇವು ಬದುಕಿರುವುವು. ಸಣ್ಣ ಮೀನುಗಳು ಸತ್ತು ತೇಲುತ್ತಿರುವ ಹಳ್ಳದಿಂದ ಜೀವಂತ ಕೊರವ ದೊರೆತರೂ ಅದನ್ನು ಒಲೆಗೆ ತರತಕ್ಕದ್ದಲ್ಲ.

ಆ ನೀರು ಕೆಡುವುದು ಹೇಗೆ? ಕಾರೆಕಾಯಿ ಜಜ್ಜಿ ಮಡುವಿಗೆ ಹಾಕುವವರು ಹಿಂದೆಯೂ ಇದ್ದರು. ನೀರಿಗೆ ವಿಷ ಬೆರೆಸಿ ಮೀನು ಹಿಡಿಯುವುದನ್ನು 1897ರ ಕಾನೂನೇ ಅಪರಾಧವೆಂದಿತ್ತು. ಈಗ ಕೆಲವರು ಕೀಟನಾಶಕವನ್ನೇ ಸುರಿಯುವರು. ಇದನ್ನು ಎಲ್ಲರೂ ಖಂಡಿಸುವರು. ಸಂಭಾವಿತರ ತೋಟದಿಂದ ಬರುವ ಕೇಡನ್ನು ಮಾತ್ರ ಯಾರೂ ಎತ್ತಿ ಆಡುವುದಿಲ್ಲ. ಅಡಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಅವಶ್ಯವೇ ಸರಿ. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಹಾಕುವುದು ರೂಢಿ. ಆದರೆ ತಾಮ್ರವು ಮೀನಿಗೂ ಮರಿಗಳಿಗೂ ಬಹು ಅಲ್ಪ ಪ್ರಮಾಣದಲ್ಲಿಯೇ ಮಾರಕ. ಮೀನು ಮೊಟ್ಟೆಯಿಡಲು ಏರಿಬರುವ ಕಾಲವೂ ಔಷಧಿ ಹೊಡೆಯುವ ಕಾಲವೂ ಒಂದೇ. ಪೀಪಾಯಿಗಳನ್ನು ತೊಳೆಯುವುದೂ ಅದೇ ಹಳ್ಳದಲ್ಲಿ! ತೀರ್ಥಹಳ್ಳಿಯವರು ಚಿಪ್ಪಲಗುಡ್ಡೆಯ ಮತ್ಸ್ಯಧಾಮದ ಮೀನಿಗೆ ಅಕ್ಕಿ ಹಾಕಿ ಕೈಮುಗಿಯುವರು. ಮೇಲಿನ ಹಳ್ಳಗಳ ಮೀನಿಗೆ ಅಷ್ಟು ಕನಿಕರವಿಲ್ಲ.

ಸಂಜೆ ಪಾತ್ರೆ ಹಿಡಿದು ಹಳ್ಳಕ್ಕಿಳಿಯುವ ಕೊನೆಗಾರನದು ತಪ್ಪಲ್ಲ. ಬೇರೆ ನೀರನ್ನು ಒದಗಿಸದ ಯಜಮಾನನದು. ದ್ರಾವಣವನ್ನು ಬಸಿಗಾಲುವೆಯಿಂದ ದೂರದ ದಿಣ್ಣೆಯ ಮೇಲೆ ಬೆರೆಸಿ, ತೊಳೆದ ನೀರನ್ನು ಮರುದಿನದ ದ್ರಾವಣಕ್ಕೇ ಸೇರಿಸಲು ಅಡ್ಡಿಯೇನೂ ಇಲ್ಲ. ಯಾವ ದಿನ ಯಾವ ತೋಟಕ್ಕೆ ಔಷಧಿ ಎಂಬುದನ್ನು ಊರ ಮುಖಂಡರು ಕೆಳಗಿನ ಕೇರಿಗೆ ಮುಂಚಿತವಾಗಿ ತಿಳಿಸತಕ್ಕದ್ದು. ಅಂದು ಅಲ್ಲಿಯವರು ಕೂಣಿಯನ್ನು ಮೇಲೆತ್ತಿ ಇಡುವರು.