ಮಳೆಗಾಲಕ್ಕೆ ಮುಂಚೆ ಮರದ ತಲೆ ಬೋಳಿಸಿದರೆ ಮನೆಗೆ ಅಪಾಯ ತಪ್ಪುತ್ತದೆಯೇ?

ಏಪ್ರಿಲ್-ಮೇ ತಿಂಗಳಲ್ಲಿ ಮೊದಲ ಗುಡುಗು ಮಳೆ ಸುರಿದು, ಎಲ್ಲೋ ಒಂದು ಮರ ಕಾರಿನ ಮೇಲೆ ಬಿದ್ದ ಫೋಟೋ ಬಂತೆಂದರೆ ಸಾಕು, ಬಡಾವಣೆಯ ವಾಟ್ಸಾಪ್ ಗುಂಪುಗಳಲ್ಲಿ ಸಲಹೆಗಳು ಹರಿದಾಡಲು ಶುರುವಾಗುತ್ತವೆ. 'ಮರದ ತುದಿ ಕತ್ತರಿಸಿ, ಗಟ್ಟಿಯಾಗುತ್ತದೆ', 'ಕಡಿದ ಜಾಗಕ್ಕೆ ಟಾರು ಬಳಿಯಿರಿ, ಕೊಳೆಯುವುದಿಲ್ಲ', 'ಪೊಟರೆ ಬಿದ್ದ ಮರ ಸತ್ತಂತೆಯೇ, ಉರುಳಿಸಿಬಿಡಿ', 'ನಮ್ಮ ಸೈಟಿನ ಮರಕ್ಕೆ ಯಾರ ಅನುಮತಿಯೂ ಬೇಡ'. ಜೊತೆಗೆ ಮರ ಕಡಿಯುವವರ ಫೋನ್ ನಂಬರ್ ಕೂಡ ಬರುತ್ತದೆ.

ಈ ಸಲಹೆಗಳನ್ನು ಪಾಲಿಸಿದರೆ ಅಪಾಯ ಕಡಿಮೆಯಾಗುವುದಿಲ್ಲ. ಕೆಲವು ವರ್ಷಗಳಲ್ಲಿ ಅದು ಇನ್ನೂ ಹೆಚ್ಚುತ್ತದೆ. ಒಂದೊಂದಾಗಿ ನೋಡೋಣ.

ತುದಿ ಕತ್ತರಿಸಿದರೆ ಮರ ಗಟ್ಟಿಯಾಗುತ್ತದೆಯೇ?

ಇಲ್ಲ. ಎಲೆಯೇ ಮರದ ಅಡುಗೆಮನೆ. ತಲೆಯನ್ನು ಒಮ್ಮೆಗೇ ಬೋಳಿಸಿದರೆ ಬೇರಿಗೆ ಹೋಗುವ ಆಹಾರ ನಿಲ್ಲುತ್ತದೆ. ಮರ ಆಗ ಕೂಡಿಟ್ಟ ಪಿಷ್ಟವನ್ನು ಖರ್ಚು ಮಾಡಿ, ತೊಗಟೆಯಡಿ ಮಲಗಿದ್ದ ಮೊಗ್ಗುಗಳಿಂದ ಗಡಿಬಿಡಿಯಲ್ಲಿ ಚಿಗುರು ಹೊರಡಿಸುತ್ತದೆ. ನೋಡುವವರಿಗೆ 'ಎಷ್ಟು ಚೆನ್ನಾಗಿ ಚಿಗುರಿದೆ' ಅನ್ನಿಸುತ್ತದೆ. ಆದರೆ ಅದು ಆರೋಗ್ಯದ ಲಕ್ಷಣವಲ್ಲ, ಹಸಿವಿನ ಲಕ್ಷಣ.

ಹಳೆಯ ಕೊಂಬೆಯೊಂದು ಕಾಂಡದ ಜೊತೆಜೊತೆಗೇ ವರ್ಷವರ್ಷ ದಪ್ಪಗಾಗುತ್ತಾ ಬಂದಿರುತ್ತದೆ. ಅದರ ಬುಡ ಕಾಂಡದ ಒಳಗೆ ಹೆಣೆದುಕೊಂಡಿರುತ್ತದೆ. ಕಡಿದ ಮೇಲೆ ಬರುವ ಹೊಸ ಚಿಗುರುಗಳು ಹಾಗಲ್ಲ. ಅವು ಮೇಲ್ಪದರಕ್ಕೆ ಮಾತ್ರ ಅಂಟಿಕೊಂಡಿರುತ್ತವೆ, ಬೇಗನೆ ಉದ್ದವಾಗುತ್ತವೆ. ಅವುಗಳ ಕೆಳಗೆ ಕಡಿದ ಮೋಟು ಕೊಳೆಯುತ್ತಿರುತ್ತದೆ. ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಭಾರವಾದ ಕೊಂಬೆಗಳು ಕೊಳೆತ ಮೋಟಿನ ಮೇಲೆ ನಿಂತಿರುತ್ತವೆ. ಗಾಳಿಗೆ ಮೊದಲು ಮುರಿಯುವುದು ಅವೇ.

'ನುಗ್ಗೆಯನ್ನು ಪ್ರತಿ ವರ್ಷ ಮೋಟು ಮಾಡುತ್ತೇವಲ್ಲ, ಕಾಫಿ ತೋಟದಲ್ಲಿ ಮರಗಸಿ ಮಾಡುತ್ತಾರಲ್ಲ' ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ನುಗ್ಗೆ, ಹಿಪ್ಪುನೇರಳೆ, ಗ್ಲಿರಿಸಿಡಿಯಾ ಕಡಿದಷ್ಟೂ ಚಿಗುರುವ ಜಾತಿಗಳು. ಅವನ್ನು ಎಳವೆಯಿಂದಲೇ ತಗ್ಗಾಗಿ ಬೆಳೆಸಿ, ಮತ್ತೆ ಮತ್ತೆ ಕಡಿಯುತ್ತಾರೆ. ಮರಗಸಿಯಲ್ಲಿ ತೋಟಕ್ಕೆ ಬೆಳಕು ಬೇಕಾದಷ್ಟು ಕೊಂಬೆ ತೆಗೆಯುತ್ತಾರೆ, ಅದೂ ವರ್ಷವರ್ಷ ಕಣ್ಣಿಟ್ಟು. ಮೂವತ್ತು ವರ್ಷ ಮುಟ್ಟದೇ ಬಿಟ್ಟ ಗುಲ್‌ಮೊಹರ್ ಅಥವಾ ಮಳೆಮರವನ್ನು ಒಂದೇ ದಿನ ಅರ್ಧಕ್ಕೆ ಇಳಿಸುವುದು ಬೇರೆಯೇ ಕೆಲಸ. ಬೆಳೆದ ಮರದಲ್ಲಿ ಒಂದು ವರ್ಷಕ್ಕೆ ಹಸಿರು ಕೊಂಬೆಯ ಕಾಲು ಭಾಗಕ್ಕಿಂತ ಹೆಚ್ಚು ತೆಗೆಯಬಾರದು ಎಂಬುದು ಮರತಜ್ಞರ ಸಾಮಾನ್ಯ ಮಿತಿ. ಹಳೆಯ ಮರಕ್ಕೆ ಇನ್ನೂ ಕಡಿಮೆ.

ಗಾಯಕ್ಕೆ ಟಾರು, ಪೇಂಟ್, ಸಿಮೆಂಟ್ ಬೇಕೇ?

ಬೇಡ. ನಮ್ಮ ಚರ್ಮದಂತೆ ಮರದ ಗಾಯ ವಾಸಿಯಾಗುವುದಿಲ್ಲ. ಕೊಳೆತ ಕಟ್ಟಿಗೆಯನ್ನು ಮರ ಮತ್ತೆ ಹೊಸದು ಮಾಡಲಾರದು. ಬದಲಿಗೆ ಗಾಯದ ಸುತ್ತ ರಾಸಾಯನಿಕ ಗೋಡೆ ಕಟ್ಟಿ ಕೊಳೆತವನ್ನು ಅಲ್ಲಲ್ಲೇ ತಡೆಯುತ್ತದೆ, ಹೊರಗಿನಿಂದ ಹೊಸ ಕಟ್ಟಿಗೆಯ ಪದರ ಬೆಳೆಸಿ ಮುಚ್ಚುತ್ತದೆ. ಇದನ್ನು ವಿವರವಾಗಿ ತೋರಿಸಿದವರು ಅಮೆರಿಕದ ಅರಣ್ಯ ಸೇವೆಯ ವಿಜ್ಞಾನಿ ಅಲೆಕ್ಸ್ ಶೈಗೊ. ಅವರು ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ಒಳಗಿನ ಕೊಳೆತ ಹೇಗೆ ಹರಡುತ್ತದೆ ಎಂದು ನೋಡಿದರು. ಗಾಯಕ್ಕೆ ಬಳಿಯುವ ಪೇಂಟ್ ಕೊಳೆಯುವುದನ್ನು ತಡೆಯುವುದಿಲ್ಲ ಎಂಬುದು ಅವರ ಕೆಲಸದಿಂದ ಸ್ಪಷ್ಟವಾಯಿತು. ದಪ್ಪ ಲೇಪ ಕೆಲವೊಮ್ಮೆ ತೇವ ಹಿಡಿದಿಟ್ಟು ಶಿಲೀಂಧ್ರಕ್ಕೇ ಅನುಕೂಲ ಮಾಡುತ್ತದೆ. ಪೊಟರೆಗೆ ಸಿಮೆಂಟ್ ತುಂಬುವುದೂ ಹಾಗೆಯೇ. ಗಾಳಿಗೆ ಮರ ಬಾಗುತ್ತದೆ, ಸಿಮೆಂಟ್ ಬಾಗುವುದಿಲ್ಲ. ಒಳಗೇ ಉಜ್ಜಿ ಮರಕ್ಕೆ ಹೊಸ ಗಾಯವಾಗುತ್ತದೆ.

ದಾಳಿಂಬೆ, ಮಾವಿನಂಥ ಹಣ್ಣಿನ ತೋಟಗಳಲ್ಲಿ ಚಾಟ್ನಿ ಮಾಡಿದ ಮೇಲೆ ಬೋರ್ಡೋ ಮುಲಾಮು ಹಚ್ಚುವುದು ನಿರ್ದಿಷ್ಟ ರೋಗಗಳನ್ನು ತಡೆಯಲು. ಅದನ್ನು ಟಾರಿನ ಜೊತೆ ಸೇರಿಸಿ ನೋಡಬೇಡಿ.

ಹಾಗಾದರೆ ಎಲ್ಲಿ ಕತ್ತರಿಸಬೇಕು?

ಗಾಯ ಮುಚ್ಚುವುದು ಕತ್ತರಿಸಿದ ಜಾಗದ ಮೇಲೆ ನಿಂತಿದೆ. ಕೊಂಬೆ ಕಾಂಡಕ್ಕೆ ಸೇರುವಲ್ಲಿ ಸ್ವಲ್ಪ ಉಬ್ಬಿದ ಕೊರಳಿನಂಥ ಭಾಗ ಕಾಣುತ್ತದೆ. ಗಾಯ ಮುಚ್ಚುವ ಶಕ್ತಿ ಅಲ್ಲಿರುತ್ತದೆ. ಕಾಂಡಕ್ಕೆ ತಾಗಿಸಿ ನುಣ್ಣಗೆ ಕೊಯ್ದರೆ ಆ ಕೊರಳೇ ಹೋಗುತ್ತದೆ. ಒಂದಡಿ ಮೋಟು ಬಿಟ್ಟರೆ ಅದು ಒಣಗಿ ಕೊಳೆಯುತ್ತದೆ. ಕೊರಳಿಗೆ ಹೊರಗೆ, ಅದಕ್ಕೆ ಹತ್ತಿರವಾಗಿ ಕತ್ತರಿಸುವುದು ಸರಿ.

ದಪ್ಪ ಕೊಂಬೆಯನ್ನು ಮೂರು ಹಂತದಲ್ಲಿ ತೆಗೆಯಬೇಕು. ಮೊದಲು ಕಾಂಡದಿಂದ ಒಂದಡಿ ಆಚೆ, ಕೆಳಗಿನಿಂದ ಕಾಲು ಭಾಗದಷ್ಟು ಗರಗಸ ಹಾಕಿ. ನಂತರ ಅದಕ್ಕಿಂತ ತುಸು ಹೊರಗೆ ಮೇಲಿನಿಂದ ಕೊಯ್ದರೆ ಕೊಂಬೆ ಬೀಳುತ್ತದೆ. ಕೊನೆಗೆ ಉಳಿದ ಮೋಟನ್ನು ಕೊರಳಿನ ಹೊರಗೆ ಕತ್ತರಿಸಿ. ನೇರವಾಗಿ ಮೇಲಿನಿಂದಲೇ ಕೊಯ್ದರೆ ಕೊಂಬೆ ಬೀಳುವಾಗ ಕಾಂಡದ ತೊಗಟೆಯನ್ನು ಸಿಗಿದುಕೊಂಡು ಹೋಗುತ್ತದೆ.

ಒಣಗಿದ ಕೊಂಬೆಯನ್ನು ಯಾವಾಗ ಬೇಕಾದರೂ ತೆಗೆಯಬಹುದು. ಮಾವನ್ನು ಕೊಯ್ಲು ಮುಗಿದ ಕೂಡಲೇ ಸವರಬೇಕು. ಅದು ಹೂ ಬಿಡುವುದು ಬಲಿತ ಚಿಗುರಿನ ತುದಿಯಲ್ಲಿ. ದೀಪಾವಳಿ ಹೊತ್ತಿಗೆ ಕತ್ತರಿಸಿದರೆ ಆ ವರ್ಷದ ಹಣ್ಣನ್ನೂ ಕತ್ತರಿಸಿದಂತೆ. ಯಾವ ಮರವಾದರೂ ಮೊದಲು ಹಕ್ಕಿಗೂಡು ಇದೆಯೇ ನೋಡಿ.

ತೆಂಗಿನ ಲೆಕ್ಕವೇ ಬೇರೆ. ಅದಕ್ಕೆ ಬೆಳೆಯುವ ಸುಳಿ ಒಂದೇ, ಸುಳಿ ಹೋದರೆ ಮರ ಹೋಯಿತು. ಹತ್ತಲು ಕಾಂಡದಲ್ಲಿ ಕಚ್ಚು ಹಾಕಿದರೆ ಆ ಗಾಯ ಎಂದಿಗೂ ಮುಚ್ಚುವುದಿಲ್ಲ. ಹಸಿರು ಗರಿಯನ್ನು ಬುಡಕ್ಕೇ ಕಡಿದರೆ ವಾಸನೆಗೆ ಕೆಂಪು ಮೂತಿ ಹುಳ ಬರುತ್ತದೆ. ಕಡಿಯಲೇಬೇಕಾದರೆ ಕಾಂಡದಿಂದ ಸುಮಾರು ನಾಲ್ಕು ಅಡಿ ಬಿಟ್ಟು ಕಡಿಯಿರಿ.

ಪೊಟರೆ ಬಿದ್ದ ಮರ ಬೀಳುತ್ತದೆಯೇ?

ಬೀಳಲೇಬೇಕೆಂದಿಲ್ಲ. ಕಾಂಡದ ಒಳತಿರುಳು ಸತ್ತ ಕಟ್ಟಿಗೆ. ನೀರು, ಆಹಾರ ಸಾಗುವುದು ಹೊರಭಾಗದಲ್ಲಿ. ಪೈಪು ಟೊಳ್ಳಾದರೂ ಗಟ್ಟಿಯಾಗಿರುವಂತೆ, ಹೊರಗೋಡೆ ಸಾಕಷ್ಟು ದಪ್ಪವಿದ್ದರೆ ಮರ ದಶಕಗಳ ಕಾಲ ನಿಲ್ಲುತ್ತದೆ.

ನಿಜವಾಗಿ ಭಯಪಡಬೇಕಾದ ಗುರುತುಗಳು ಹೆಚ್ಚಾಗಿ ಬುಡದಲ್ಲಿರುತ್ತವೆ. ಇತ್ತೀಚೆಗೆ ಹೊಸದಾಗಿ ವಾಲಿದ ಮರ, ಬುಡದ ಒಂದು ಬದಿಯಲ್ಲಿ ಎದ್ದ ಅಥವಾ ಬಿರಿದ ಮಣ್ಣು, ಬುಡದಲ್ಲಿ ಅಣಬೆ, ಕವಲಿನಲ್ಲಿ ಸೀಳು, ಒಂದು ಕಡೆಯ ಕೊಂಬೆಗಳೆಲ್ಲ ಒಣಗಿರುವುದು. ಚರಂಡಿಗೆ, ಕೇಬಲ್‌ಗೆ ಅಗೆದಾಗ ದಪ್ಪ ಬೇರು ಕಡಿದಿದ್ದರೆ, ಬುಡದವರೆಗೆ ಕಾಂಕ್ರೀಟ್ ಹಾಕಿದ್ದರೆ, ಹಸಿರಾಗಿ ಕಾಣುವ ಮರವೂ ಬುಡಸಮೇತ ಉರುಳಬಹುದು. ಇಂಥ ಮರದ ತಲೆ ಬೋಳಿಸಿದರೆ ಬೇರಿನ ತೊಂದರೆ ಹೋಗುವುದಿಲ್ಲ. ಅಗೆಯುವಾಗಲೇ ಬೇರು ಉಳಿಸುವುದು, ಬುಡದ ಸುತ್ತ ಮಣ್ಣು ಬಿಡುವುದು ಇದಕ್ಕೆ ಮದ್ದು.

ನಮ್ಮ ಸೈಟು, ನಮ್ಮ ಮರ: ಅನುಮತಿ ಏಕೆ?

ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆ, 1976 ಖಾಸಗಿ ಜಾಗದ ಮರಗಳಿಗೂ ಅನ್ವಯಿಸುತ್ತದೆ. ಮರ ಕಡಿಯಲು ವೃಕ್ಷ ಅಧಿಕಾರಿಯ ಅನುಮತಿ ಬೇಕು. ತೆಂಗು, ಸರ್ವೆ, ನೀಲಗಿರಿ, ಸಿಲ್ವರ್ ಓಕ್‌ನಂಥ ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ಭಾರೀ ಕೊಂಬೆ ತೆಗೆಯುವುದಿದ್ದರೂ ಪಾಲಿಕೆಯ ಅರಣ್ಯ ವಿಭಾಗದಲ್ಲಿ ಅಥವಾ ಹತ್ತಿರದ ಅರಣ್ಯ ಇಲಾಖೆ ಕಚೇರಿಯಲ್ಲಿ ಮೊದಲು ಕೇಳಿ. ಮನೆಯೆದುರಿನ ರಸ್ತೆ ಮರ ನಿಮ್ಮದಲ್ಲ, ಅದನ್ನು ಸ್ವಂತ ಖರ್ಚಿನಲ್ಲಿ ಕೂಡ ಕಡಿಸುವಂತಿಲ್ಲ.

ಮರ ಕಡಿಯುವವರನ್ನು ಕರೆಸುವಾಗ

ನೆಲದ ಮೇಲೆ ನಿಂತು ಕೈಗರಗಸದಿಂದ ತೆಗೆಯಬಹುದಾದ, ಮಣಿಕಟ್ಟಿಗಿಂತ ತೆಳ್ಳಗಿನ ಕೊಂಬೆ ನಿಮ್ಮ ಕೆಲಸ. ಏಣಿ ಬೇಕು, ಯಂತ್ರದ ಗರಗಸ ಬೇಕು ಅಂದರೆ ಅನುಭವಸ್ಥರನ್ನು ಕರೆಸಿ. ತಂತಿ ಹತ್ತಿರವಿದ್ದರೆ ಇಬ್ಬರೂ ಮುಟ್ಟಬೇಡಿ. ಹಸಿ ಕೊಂಬೆ, ಕಬ್ಬಿಣದ ಏಣಿ, ದೋಟಿಯ ಕಬ್ಬಿಣದ ಪೈಪು ಎಲ್ಲದರಲ್ಲೂ ವಿದ್ಯುತ್ ಹರಿಯುತ್ತದೆ. 1912ಕ್ಕೆ ಕರೆ ಮಾಡಿ, ಲೈನ್ ಆಫ್ ಮಾಡಿಸಿದ ಮೇಲೆಯೇ ಕೆಲಸ ಆಗಬೇಕು.

ಬಂದವರಿಗೆ 'ಕ್ಲೀನ್ ಮಾಡಿ' ಎನ್ನಬೇಡಿ. ಯಾವ ಕೊಂಬೆ, ಎಲ್ಲಿಯವರೆಗೆ ಎಂದು ತೋರಿಸಿ, ಫೋಟೋದಲ್ಲಿ ಗುರುತು ಹಾಕಿ ವಾಟ್ಸಾಪ್ ಮಾಡಿ. ಕಟ್ಟಿಗೆ ಯಾರಿಗೆ ಎಂಬುದನ್ನೂ ಮೊದಲೇ ಮಾತಾಡಿ. ಕೂಲಿಯ ಬದಲು ಕಟ್ಟಿಗೆ ಕೊಡುವ ಒಪ್ಪಂದದಲ್ಲಿ, ಹೆಚ್ಚು ಕಡಿದಷ್ಟೂ ಅವರಿಗೆ ಲಾಭ. ಗೋಡೆ, ಹೆಂಚು, ಪಕ್ಕದ ಮನೆಯ ಕಾರಿಗೆ ಹಾನಿಯಾದರೆ ಹೊಣೆ ಯಾರದು, ಸೊಪ್ಪು-ಕಸ ಯಾರು ಸಾಗಿಸುತ್ತಾರೆ ಎಂಬುದೂ ತೀರ್ಮಾನವಾಗಲಿ. ಪೂರ್ತಿ ಹಣ ಕೆಲಸ ಮುಗಿದ ಮೇಲೆ ಕೊಡಿ.

ಹತ್ತುವವರ ಬಳಿ ಸೊಂಟಕ್ಕೆ ಕಟ್ಟುವ ಬೆಲ್ಟ್, ಗಟ್ಟಿ ಹಗ್ಗ, ಹೆಲ್ಮೆಟ್ ಇದೆಯೇ ನೋಡಿ. ಕೆಳಗೆ ಹಗ್ಗ ಹಿಡಿಯಲು, ದಾರಿಹೋಕರನ್ನು ತಡೆಯಲು ಇನ್ನೊಬ್ಬರು ಬೇಕು. ಇದಕ್ಕಾಗಿ ಕೆಲವು ನೂರು ರೂಪಾಯಿ ಹೆಚ್ಚಾದರೆ ಚೌಕಾಸಿ ಮಾಡಬೇಡಿ. ಬಿದ್ದರೆ ಕೈಕಾಲು ಮುರಿಯುವುದು ಅವರದು, ಆಮೇಲೆ ಕೂಲಿ ಇಲ್ಲದೆ ಮನೆಯಲ್ಲಿ ಕೂರುವುದು ಅವರ ಕುಟುಂಬ. ಮಳೆ ಬಂದು ತೊಗಟೆ ಜಾರುವಾಗ, ಗಾಳಿ ಬೀಸುವಾಗ 'ಇವತ್ತೇ ಮುಗಿಸಿ' ಎಂದು ಒತ್ತಾಯಿಸಬೇಡಿ.

ಫಾರ್ವರ್ಡ್ ಮಾಡುವ ಮುನ್ನ ನೆನಪಿಡಿ

- ತುದಿ ಬೋಳಿಸಿದರೆ ಮರ ಗಟ್ಟಿಯಾಗುವುದಿಲ್ಲ. ಒಣ, ಸೀಳಿದ ಕೊಂಬೆಗಳನ್ನು ಮಾತ್ರ ಆರಿಸಿ ತೆಗೆಸಿ.
- ಟಾರು, ಪೇಂಟ್, ಸಿಮೆಂಟ್ ಬೇಡ. ಸರಿಯಾದ ಜಾಗದಲ್ಲಿ ಕತ್ತರಿಸುವುದೇ ಔಷಧ.
- ಪೊಟರೆಗಿಂತ ಬುಡವನ್ನು ನೋಡಿ.
- ಸ್ವಂತ ಜಾಗವಾದರೂ ಅನುಮತಿ ಕೇಳಿ. ತಂತಿ ಹತ್ತಿರವಿದ್ದರೆ 1912.
- ಹತ್ತುವವರ ಸುರಕ್ಷತೆಗೆ ಆಗುವ ಖರ್ಚನ್ನೂ ಕೂಲಿಯ ಜೊತೆ ಲೆಕ್ಕ ಹಾಕಿ.