ಲೆಕ್ಕದಾಗ ಬರಲಾರದ ಕೂಸುಗಳು

ಸಣ್ಣ ಮಕ್ಕಳಿಗೆ ತಲಿಯೊಳಗ ಗಡ್ಡಿ ಆಗೂದು ನಮ್ಮ ಕಡೆ ಭಾಳ ಕಮ್ಮಿ, ಅದೆಲ್ಲಾ ಫಾರಿನ್ ಮಂದಿಗೆ ಬರೂ ಜಡ್ಡು ಅಂತ ಮಾತಾಡೂದನ್ನ ನೀವೂ ಕೇಳಿರ್ತೀರಿ. ಅಂಕಿ ನೋಡಿದ್ರ ಹಂಗ ಕಾಣಸ್ತೈತಿ ಖರೆ. ಆದ್ರ ಕಮ್ಮಿ ಆಗೂದು ಬ್ಯಾರೆ, ಕಮ್ಮಿ ಬರಕೊಳ್ಳೂದು ಬ್ಯಾರೆ.

ಕ್ಯಾನ್ಸರ್ ಆದವರ ಲೆಕ್ಕ ಇಡ್ಲಿಕ್ಕೆ ರಿಜಿಸ್ಟ್ರಿ ಅಂತ ಇರ್ತಾವು. ಮುಂಬೈದಾಗ 1963ಕ್ಕ ಸುರು ಆತು. 1981ರಾಗ ಐಸಿಎಂಆರ್ ದೇಶದ ಕಾರ್ಯಕ್ರಮ ಮಾಡ್ತು. ಬೆಂಗಳೂರಿನ ಲೆಕ್ಕ ಕಿದ್ವಾಯಿ ಸಂಸ್ಥೆಯವರು ಇಡ್ತಾರ. ಅಲ್ಲಿಯ ಮಂದಿ ದವಾಖಾನಿ, ಲ್ಯಾಬು, ಸಾವಿನ ದಾಖಲಿ ಎಲ್ಲಾ ತಿರುಗಿ ಹೆಸರು ಹುಡುಕತಾರ. ಕಷ್ಟದ ಕೆಲಸ. ಆದ್ರೂ ಇಂಥಾ ಲೆಕ್ಕದೊಳಗ ದೇಶದ ನೂರು ಮಂದ್ಯಾಗ ಇಪ್ಪತ್ತು ಮಂದೀನೂ ಬರಂಗಿಲ್ಲ.

ಶ್ರೀಮಂತ ದೇಶದಾಗ ಮಕ್ಕಳ ಕ್ಯಾನ್ಸರಿನ್ಯಾಗ ರಕ್ತದ್ದು ಮೊದಲು, ಮಿದುಳಿನ ಗಡ್ಡಿ ಎರಡನೇದು. ನಮ್ಮ ಎಷ್ಟೋ ರಿಜಿಸ್ಟ್ರಿಯೊಳಗ ಮಿದುಳು ಲಿಂಫೋಮಾಕ್ಕಿಂತ ಹಿಂದ. ತಲಿಯೊಳಗಿನ ಗಡ್ಡಿ ಕೈಗೆ ಹತ್ತಂಗಿಲ್ಲ ನೋಡ್ರಿ, ಸ್ಕ್ಯಾನ್ ಬೇಕು. ಕೂಸು ಮುಂಜಾನೆ ಎದ್ದಕೂಡ್ಲೆ ವಾಂತಿ ಮಾಡ್ತೈತಿ, ತಲಿನೋವು ಅಂತೈತಿ, ನಡಿಯುವಾಗ ಜೋಲಿ ಹೊಡಿತೈತಿ, ಇದ್ದಕ್ಕಿದ್ದಂಗ ಮೆಳ್ಳಗಣ್ಣು ಆಗ್ತೈತಿ. ಮನ್ಯಾಗ ಪಿತ್ತ ಅಂತಾರ, ಜಂತ ಅಂತಾರ, ದೃಷ್ಟಿ ತಗೀತಾರ. ಸ್ಕ್ಯಾನ್ ಆಗೂದ್ರೊಳಗ ಕೂಸು ಹೋತಂದ್ರ ಸಾವಿನ ಕಾಗದದಾಗ ಜ್ವರ, ಇಲ್ಲಾ ಫಿಟ್ಸ್. ಮುಗೀತು.

ಕ್ರೇನಿಯೊಫ್ಯಾರಿಂಜಿಯೋಮಾ ಅಂತ ಒಂದು ಗಡ್ಡಿ ಐತಿ (ನಾಲಿಗಿ ಹೊಳ್ಳಂಗಿಲ್ಲ, ಬಿಡ್ರಿ). ಕ್ಯಾನ್ಸರ್ ಅಲ್ಲ. ಆದ್ರ ಕೂಸಿನ ಕಣ್ಣು ಕಳೀತೈತಿ, ಬೆಳವಣಗಿ ನಿಲ್ಲಸ್ತೈತಿ. ಅಮೆರಿಕಾದಾಗ ಇಂಥಾವನ್ನೂ 2004ರಿಂದ ಕಾಯ್ದೆ ಪ್ರಕಾರ ಬರಕೊಳ್ತಾರ. ನಮ್ಮಲ್ಲಿ ರಿಜಿಸ್ಟ್ರಿ ಅಂದ್ರ ಕ್ಯಾನ್ಸರಿನ ಲೆಕ್ಕಷ್ಟ. ಬುರುಡಿಯೊಳಗ ಜಾಗಾನ ಇಲ್ಲ, ಅಲ್ಲಿ ಯಾವ ಗಡ್ಡಿ ಸಾದಾ?

ನನಗ ಭಾಳ ಚುಚ್ಚೂದು ಹೆಣ್ಣಮಕ್ಕಳ ಲೆಕ್ಕ. ಮಕ್ಕಳ ಕ್ಯಾನ್ಸರ್ ಗಂಡುಹುಡುಗರಾಗ ಸ್ವಲ್ಪ ಜಾಸ್ತಿ, ಹೊರದೇಶದಾಗೂ ಹಂಗ. ಆದ್ರ ನಮ್ಮ ದೇಶದಾಗ ಆ ಅಂತರ ಇನ್ನೂ ದೊಡ್ಡದು, ಉತ್ತರದ ಕಡೆ ಮತ್ತೂ ದೊಡ್ಡದು. ಇದು ಭಾರತ ಅಂತ ಜಡ್ಡಿಗೇನು ಗೊತ್ತು? "ಹೆಣ್ಣು ಕೂಸು, ಅಷ್ಟು ರೊಕ್ಕ ಎಲ್ಲಿಂದ ತರೂದು" ಅಂದ ಮನಿಯ ಹುಡುಗಿ ದೊಡ್ಡ ದವಾಖಾನಿ ಮೆಟ್ಲಾನ ಹತ್ತಂಗಿಲ್ಲ. ಹತ್ತದ ಮ್ಯಾಲೆ ಆಕಿ ಹೆಸರು ಯಾರು ಬರೀತಾರ?

ಟಿಬಿ ಆದ್ರ ಡಾಕ್ಟರು ಸರ್ಕಾರಕ್ಕ ತಿಳಿಸಲೇಬೇಕು. ಕ್ಯಾನ್ಸರಿಗೆ ಕೆಲವು ರಾಜ್ಯ ಹಂಗ ಮಾಡ್ಯಾವು, ಇಡೀ ದೇಶಕ್ಕ ಆಗಿಲ್ಲ. ಅಂಟುಜಡ್ಡಲ್ಲ ಅನ್ನೂ ಕಾರಣ ನನಗ ಒಪ್ಪಿಗಿ ಇಲ್ಲ.

ಇನ್ನ ನಮ್ಮ ಕೈಯಾಗಿಂದು ಅಡ್ರೆಸ್. ಬೆಂಗಳೂರಿಗೆ ಹೋದಾಗ ಅಲ್ಲೇ ಇರೂ ಕಾಕಾನ ಮನಿ ಅಡ್ರೆಸ್ ಬರಸ್ತಾರ. ರಿಜಿಸ್ಟ್ರಿಗೆ ಬೇಕಾದ್ದು ಒಂದು ವರ್ಷನಾದ್ರೂ ಆ ಊರಾಗ ಇದ್ದವರ ಲೆಕ್ಕ. ಹಿಂಗ ಬರಸಿದ್ರ ಬೆಂಗಳೂರು ಉಬ್ಬತೈತಿ, ನಮ್ಮ ಜಿಲ್ಲಾ ಖಾಲಿ ಕಾಣ್ತೈತಿ. ಖಾಲಿ ಕಂಡಲ್ಲಿಗೆ ಮಕ್ಕಳ ಕ್ಯಾನ್ಸರ್ ಡಾಕ್ಟರನ್ನ ಯಾಕ ಕಳಸ್ತಾರ್ರಿ? ಒಂದು ಚೀಟ್ಯಾಗ ಪಿಂಕಿ, ಇನ್ನೊಂದರಾಗ ಸಾಲಿ ಹೆಸರು ಅಂದ್ರ ಒಂದ ಕೂಸು ಎರಡಾಗಬಹುದು. ಕೌಂಟರಿನ್ಯಾಗ ಆಧಾರದಾಗಿನ ಹೆಸರು, ನಿಮ್ಮ ಊರು, ತಾಲೂಕು ಬರಸ್ರಿ. ಬೇಕಾದ್ರ ಕಾಕಾನ ಫೋನ್ ನಂಬರು ಕೆಳಗ ಇರ್ಲಿ.